ನಾಮಿನಿ ಕಾಲಂ ತುಂಬಿಸಿ



ಇಚಲಕರಂಜಿಯ ನಮ್ಮ ಸಂಘದ ಈ ಸಭೆಯಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯವರೇ ಹೆಚ್ಚು. ದುಡಿಮೆ ಇಲ್ಲಿ ಮಗ್ಗದ ಮೇಲೆ, ಹೊಲ ಅಲ್ಲಿ ಕೃಷ್ಣೆ-ದೂಧಗಂಗೆಯ ದಂಡೆಗೆ. ಊರ ಪಿಕೆಪಿಎಸ್, ಅಂದರೆ ಕೃಷಿ ಪತ್ತಿನ ಸಂಘದಲ್ಲಿ ಒಂದು ಶೇರು, ಸಕ್ಕರೆ ಕಾರ್ಖಾನೆಯಲ್ಲಿ ಇನ್ನೊಂದು, ಪತ್ತಿನ ಸಂಘದಲ್ಲಿ ಪಿಗ್ಮಿ. ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಸೊಸಾಯಿಟಿಯನ್ನು ನಂಬಿಯೇ ಬಾಳಿದ್ದೇವೆ. ಆ ಸೊಸಾಯಿಟಿಯ ಮೆಂಬರು ತೀರಿಕೊಂಡರೆ ಅವನ ಹೆಂಡತಿಗೆ ಏನು ಸಿಗುತ್ತದೆ? ಇವತ್ತು ಅದನ್ನಷ್ಟೇ ಮಾತಾಡುತ್ತೇನೆ.

ರಾಯಬಾಗ ಕಡೆಯ ನಮ್ಮ ಸದಸ್ಯರೊಬ್ಬರು ತೀರಿಕೊಂಡಾಗ ಅವರ ಹೆಂಡತಿ ಪ್ಲಾಸ್ಟಿಕ್ ಚೀಲವೊಂದನ್ನು ತಂದು ನನ್ನ ಮುಂದೆ ಬಿಚ್ಚಿದರು. ಪಿಗ್ಮಿ ಪುಸ್ತಕ, ಶೇರು ಸರ್ಟಿಫಿಕೇಟು, ಹಳೆಯ ಉತಾರ. ಶೇರಿಗೆ ನಾಮಿನಿ ಎಂದು ಬರೆದದ್ದು ಯಜಮಾನರ ಅವ್ವನ ಹೆಸರು. ಆ ಮುದುಕಿ ತೀರಿಹೋಗಿ ವರ್ಷಗಳೇ ಆಗಿದ್ದವು. ಮದುವೆಯಾದ ಮೇಲೆ ಹೆಸರು ಬದಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೇ ತಿಂಗಳ ಒಂದು ಸಾಲು: 436 ರೂಪಾಯಿ ಕಡಿತ. ಅದು ಜೀವನ ಜ್ಯೋತಿ ವಿಮೆಯ ಕಂತು. ಅದರಿಂದ 2 ಲಕ್ಷ ಬರಬೇಕು ಅಂದಾಗ ಆಕೆ ನನ್ನ ಮುಖವನ್ನೇ ನೋಡಿದರು. ವಾರಸಾ ಕಾಗದಕ್ಕಾಗಿ ಕೂಲಿ ಬಿಟ್ಟು ಊರಿಗೆ ಅಲೆದದ್ದು ಎಷ್ಟು ಸಲವೋ.

ಇಂಥ ಅಲೆದಾಟ ನಮ್ಮ ಜನಕ್ಕೆ ಹೆಚ್ಚು, ಯಾಕೆಂದರೆ ರೇಷನ್ ಕಾರ್ಡು ಅಲ್ಲಿ, ಬಾಳುವೆ ಇಲ್ಲಿ. ಕರ್ನಾಟಕದ ವಿಧವಾ ವೇತನ ತಿಂಗಳಿಗೆ 800 ರೂಪಾಯಿ. ದುಡಿಯುವವನು ಅರವತ್ತರೊಳಗೆ ಸತ್ತರೆ ಬಿಪಿಎಲ್ ಕುಟುಂಬಕ್ಕೆ ರಾಷ್ಟ್ರೀಯ ಕುಟುಂಬ ನೆರವಿನ 20,000. ಎರಡಕ್ಕೂ ಯಾವ ಊರಿನ ವಿಳಾಸ ಎಂಬುದೇ ಮೊದಲ ಪ್ರಶ್ನೆ. ನಿಪ್ಪಾಣಿಯ ಬೀಡಿ ಕೆಲಸದವರಾಗಲಿ, ಇಲ್ಲಿಯ ಗಿರಣಿಯವರಾಗಲಿ, ಪಿಎಫ್ ಇದ್ದವರು ತೀರಿಕೊಂಡರೆ ಬರಬೇಕಾದದ್ದು ಮೂರು: ಕೂಡಿಟ್ಟ ಹಣ, ಸಂಗಾತಿಗೆ ಪಿಂಚಣಿ, ವಿಮೆ. ಮೊದಲನೆಯದನ್ನು ಪಡೆದು ಉಳಿದೆರಡನ್ನು ಕೇಳದೆ ಸುಮ್ಮನಾದವರಿದ್ದಾರೆ. ಇನ್ನು ಸಾಲ. ಗಂಡನ ಸಾಲಕ್ಕೆ ಹೆಂಡತಿ ಹೊಣೆಯಾಗುವುದು ಅವನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ; ತಾನೇ ಸಹಿ ಹಾಕಿದ್ದರೆ, ಜಾಮೀನು ನಿಂತಿದ್ದರೆ ಮಾತು ಬೇರೆ. ವಸೂಲಿಗೆ ಬಂದವರು ಇದನ್ನು ಹೇಳುವುದಿಲ್ಲ, ನಾವು ಹೇಳಬೇಕು.

ಇಲ್ಲೇ ಶಿರೋಳ ತಾಲೂಕಿನ ಹೇರವಾಡ ಗ್ರಾಮ 2022ರ ಮೇ ತಿಂಗಳಲ್ಲಿ ಒಂದು ಠರಾವು ಮಾಡಿತು: ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯಬಾರದು, ಕುಂಕುಮ ಅಳಿಸಬಾರದು. ಅದೇ ತಿಂಗಳು ಮಹಾರಾಷ್ಟ್ರ ಸರಕಾರ ಉಳಿದ ಗ್ರಾಮ ಪಂಚಾಯತಿಗಳಿಗೂ ಅದನ್ನೇ ಮಾದರಿ ಎಂದು ತೋರಿಸಿತು. ನನಗೆ ಆ ಠರಾವು ಹಣದ ವಿಷಯವಾಗಿಯೂ ದೊಡ್ಡದು. ಮೂಲೆಯಲ್ಲಿ ಕೂರಿಸಿದ ಹೆಣ್ಣುಮಗಳ ಕೈಗೆ ಕಾಗದ ಸೇರುವುದಿಲ್ಲ. ಭಾವನೋ ಮೈದುನನೋ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾನೆ. ನಾಮಿನಿ ಜಾಗದಲ್ಲಿ ಅಣ್ಣನ ಹೆಸರಿದ್ದ ಮಾತ್ರಕ್ಕೆ ಠೇವಣಿ ಅಣ್ಣನದಾಗುವುದಿಲ್ಲ, ಹೆಂಡತಿ ಮಕ್ಕಳ ಪಾಲು ಅದರಲ್ಲಿದೆ ಎಂಬುದು ಆಕೆಗೆ ಆ ದಿನವೇ ಗೊತ್ತಿರಬೇಕು.

ನಮ್ಮ ಸಂಘ ಸಾವಿನ ಮನೆಗೆ ಹೂಮಾಲೆ ಒಯ್ಯುತ್ತದೆ. ಅಷ್ಟು ಸಾಲದು; ಹದಿನೈದು ದಿನದೊಳಗೆ ಇಬ್ಬರು ಮತ್ತೆ ಹೋಗಿ, ಸತ್ತವರ ಹೆಂಡತಿಯ ಎದುರಿಗೇ ಕೂತು ಕಾಗದಪತ್ರ ನೋಡಬೇಕು; ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಲಿ. ಸತ್ತವರ ಸದಸ್ಯತ್ವ ಅವರ ಮನೆಯವರ ಹೆಸರಿಗೆ ಬರಲಿ, ಮತದ ಹಕ್ಕಿನೊಂದಿಗೆ. ಇದನ್ನು ಇವತ್ತಿನ ಸರ್ವಸಾಧಾರಣ ಸಭೆಯಲ್ಲೇ ಠರಾವು ಮಾಡಿರೆಂದು ಕೇಳುತ್ತೇನೆ. ಬಾಗಿಲ ಬಳಿಯ ಮೇಜಿನ ಮೇಲೆ ನಾಮಿನಿ ಅರ್ಜಿಗಳಿವೆ. ಗಂಡ-ಹೆಂಡತಿ ಇಬ್ಬರೂ ಕೂತು ತುಂಬಿಸಿ. ಆಧಾರ್ ತಂದಿಲ್ಲದವರು ಬರುವ ರವಿವಾರ ಕಚೇರಿಗೆ ಬನ್ನಿ.