ವಕಾಲತ್ತಿಗೆ ಸಹಿ ಹಾಕುವ ಮುನ್ನ



‘ವಕೀಲ’ ಎಂಬ ಮಾತು ಅರಬ್ಬಿಯಿಂದ ಹೊರಟು ಪಾರಸಿಯ ಹಾದಿಯಾಗಿ ನಮ್ಮ ನುಡಿಗೆ ಬಂದದ್ದು. ಯಾರ ಕೈಗೆ ನಾವು ಒಂದು ಕಾರ್ಯವನ್ನು ಒಪ್ಪಿಸುತ್ತೇವೆಯೋ ಆತ ವಕೀಲ. ಹಾಗೆ ಒಪ್ಪಿಸಿದ್ದರ ಗುರುತು ವಕಾಲತ್ತು. ಮನೆ ಕಟ್ಟುವಾಗ ಮೇಸ್ತ್ರಿಯನ್ನು ಹತ್ತು ಕಡೆ ವಿಚಾರಿಸಿ ಗೊತ್ತುಮಾಡುವ ನಮ್ಮ ಜನ, ಅದೇ ಮನೆ ಪಾಲಾಗುವ ಹೊತ್ತಿಗೆ ತೋರಿಸಿದಲ್ಲಿ ಸಹಿ ಹಾಕಿ ಬಂದುಬಿಡುವುದೇಕೆ?

ಪಾಲಿನ ವಿಚಾರ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರವೇ ಭಾರತದ ಬಹುಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬದ ದಾಯವಿಭಾಗಕ್ಕೆ ಆಧಾರವಾಯಿತು. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕುಂಟೆಂದು ಕರ್ನಾಟಕ 1994ರಲ್ಲಿ ಕಾನೂನು ಮಾಡಿತು, ಅದುವರೆಗೆ ಮದುವೆಯಾದವರನ್ನು ಹೊರಗಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ಅಳಿಸಿತು. ತಂದೆ ಅದಕ್ಕೆ ಮೊದಲೇ ತೀರಿಹೋಗಿದ್ದರೂ ಮಗಳ ಹಕ್ಕಿಗೆ ಬಾಧಕವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿದೆ.

ಹಕ್ಕೇನೋ ಬಂದಿತು. ಆದರೆ ನನ್ನ ಹಳೆಯ ವಿದ್ಯಾರ್ಥಿನಿಯರು ಕೇಳುವ ಪ್ರಶ್ನೆ ಬೇರೆ: “ಅಣ್ಣನ ವಕೀಲರೇ ನನಗೂ ಇರಲಿ ಎನ್ನುತ್ತಾರೆ, ಸಾಲದೆ?” ಅಣ್ಣನಿಗೂ ತಂಗಿಗೂ ಬೇಕಾದದ್ದು ಒಂದೇ ಆಗಿದ್ದರೆ ಸಾಕು. ಅಣ್ಣ ಇಡಿಯ ತೋಟವನ್ನು ಉಳಿಸಿಕೊಳ್ಳಬಯಸಿ, ತಂಗಿಗೆ ತನ್ನ ಪಾಲಿನ ನೆಲವೇ ಬೇಕಾಗಿದ್ದರೆ ಒಬ್ಬನೇ ವಕೀಲ ಇಬ್ಬರ ಬಾಯಾಗಲಾರ. ಬೇರೆ ವಕೀಲರನ್ನು ಹಿಡಿದರೆ ಅಣ್ಣನೊಡನೆ ಜಗಳವಾಡಿದಂತೆ ಎಂಬ ಸಂಕೋಚ ನಮ್ಮಲ್ಲಿ ಬಲವಾಗಿದೆ. ಆ ಸಂಕೋಚದ ಬೆಲೆಯನ್ನು ತೆರುವವಳು ಸಾಮಾನ್ಯವಾಗಿ ತಂಗಿಯೇ.

ವಕಾಲತ್ತಿನ ಅಚ್ಚಾದ ನಮೂನೆಯನ್ನು ಒಮ್ಮೆ ಓದಿನೋಡಿ. ದಾವೆ ನಡೆಸುವ ಅಧಿಕಾರದ ಜೊತೆಗೆ ರಾಜಿ ಮಾಡಿಕೊಳ್ಳುವ, ದಾವೆಯನ್ನು ಹಿಂತೆಗೆಯುವ, ನ್ಯಾಯಾಲಯದಿಂದ ಹಣ ಪಡೆಯುವ ಅಧಿಕಾರಗಳೂ ಅನೇಕ ನಮೂನೆಗಳಲ್ಲಿ ಸಣ್ಣ ಅಕ್ಷರದಲ್ಲಿ ಕುಳಿತಿರುತ್ತವೆ. ಒಪ್ಪಿಗೆಯಿಲ್ಲದ ಸಾಲನ್ನು ಹೊಡೆದುಹಾಕಿ ಸಹಿ ಮಾಡಲು ಅಡ್ಡಿಯಿಲ್ಲ. “ನನ್ನನ್ನು ಕೇಳದೆ ರಾಜಿ ಕೂಡದು” ಎಂದು ಒಂದು ಚೀಟಿ ಬರೆದುಕೊಟ್ಟು ಪ್ರತಿ ಇಟ್ಟುಕೊಳ್ಳಬಹುದು. ಬರಿಯ ಹಾಳೆಗೆ ಮಾತ್ರ ಸಹಿ ಬೇಡ, ಕೇಳುವವರು ಎಷ್ಟೇ ಹತ್ತಿರದ ನಂಟರಾಗಿರಲಿ.

ಒಳ್ಳೆಯ ವಕೀಲರನ್ನು ಹುಡುಕುವುದು ಹೇಗೆ? ಅವರು ಜಾಹೀರಾತು ಕೊಟ್ಟುಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ನಾನು ಹೇಳುವ ಉಪಾಯ ಇಷ್ಟೆ: ಸಿವಿಲ್ ನ್ಯಾಯಾಲಯದ ಬಾಗಿಲು ಸಾರ್ವಜನಿಕರಿಗೆ ತೆರೆದಿರುತ್ತದೆ, ಎರಡು ದಿನ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಕಡತವನ್ನು ಓದಿಕೊಂಡು ಬಂದವರು ಯಾರು, ಬರಿಯ ವಾಯಿದೆ ಕೇಳುವವರು ಯಾರು ಎಂಬುದು ತಾನಾಗಿ ತಿಳಿಯುತ್ತದೆ. ಗೆಲ್ಲಿಸಿಯೇ ಕೊಡುತ್ತೇನೆಂದು ಮೊದಲ ದಿನವೇ ಮಾತು ಕೊಡುವವರ ವಿಷಯದಲ್ಲಿ ನನಗಂತೂ ನಂಬಿಕೆಯಿಲ್ಲ.

ಶುಲ್ಕದ ಮಾತನ್ನು ಆಡಲು ಸುಶಿಕ್ಷಿತರಿಗೇ ನಾಚಿಕೆ ಹೆಚ್ಚು. ನ್ಯಾಯಾಲಯದ ಶುಲ್ಕವೆಷ್ಟು, ವಕೀಲರದೆಷ್ಟು, ಮೇಲ್ಮನವಿ ಇದರಲ್ಲಿ ಸೇರಿದೆಯೆ ಎಂದು ಕೇಳಿ ಬರೆಯಿಸಿಕೊಳ್ಳಿ. ಗೆದ್ದರೆ ಆಸ್ತಿಯಲ್ಲಿ ಇಷ್ಟು ಪಾಲು ಎಂಬ ಒಪ್ಪಂದಕ್ಕೆ ಪರಿಷತ್ತಿನ ನಿಯಮದಲ್ಲಿ ಅವಕಾಶವಿಲ್ಲ.

ಸಮನ್ಸು ಬಂದವರು ತಡಮಾಡಬಾರದು. ಪ್ರತಿವಾದಪತ್ರಕ್ಕೆ ಮೂವತ್ತು ದಿನಗಳ ಗಡುವು. ಕಾರಣ ತೋರಿಸಿದರೆ ನ್ಯಾಯಾಲಯ ತೊಂಬತ್ತರವರೆಗೆ ಕೊಡಬಹುದು.

ವಿಚ್ಛೇದನ, ಮಕ್ಕಳ ಪಾಲನೆಯಂಥ ಪ್ರಕರಣಗಳ ದಾರಿ ಬೇರೆ. 1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮದಂತೆ ಅಲ್ಲಿ ವಕೀಲರ ಮೂಲಕ ವಾದಿಸುವುದು ಕಕ್ಷಿದಾರರ ಹಕ್ಕಲ್ಲ. ಗಂಡ ಹೆಂಡಿರು ತಮ್ಮ ಮಾತನ್ನು ತಾವೇ ಆಡಲಿ ಎಂಬುದು ಕಾನೂನಿನ ಆಶಯ. ರೂಢಿಯಲ್ಲಿ ಅನುಮತಿ ಪಡೆದು ವಕೀಲರು ಹಾಜರಾಗುತ್ತಾರೆ.

ವಕೀಲರಲ್ಲಿ ನಂಬಿಕೆ ಹೋದರೆ ಬದಲಾಯಿಸಬಹುದು. ನ್ಯಾಯಾಲಯದ ಅನುಮತಿ ಬೇಕು. ಶುಲ್ಕ ಬಾಕಿಯೆಂದು ಕಡತವನ್ನು ತಡೆದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಸ್ಪಷ್ಟಪಡಿಸಿದೆ.

ಇನ್ನು ಹಣವಿಲ್ಲದವರ ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ಪ್ರಕಾರ ಮಹಿಳೆಯರು ಆದಾಯವೆಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು ಕೂಡ. ತನ್ನ ಹೆಸರಿನಲ್ಲಿ ಹಣವಿಲ್ಲವೆಂದು ಅಣ್ಣನ ವಕೀಲರಿಗೇ ವಕಾಲತ್ತು ಕೊಡುವ ತಂಗಿ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಬರೆದು, ತನಗೆಂದೇ ಒಬ್ಬ ವಕೀಲರನ್ನು ಕೇಳಬಹುದು.