ಮುಧೋಳದ ಬೂದು ಮರಿ



ಮುಧೋಳ ನಾಯಿ ಎಂದರೆ ಮೊದಲು ನೆನಪಿಗೆ ಬರುವುದು ಅದರ ಓಟ. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗೆ ಅಂಟಿದ ಹೊಟ್ಟೆ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ಬೇಟೆನಾಯಿಯನ್ನು ಅಕ್ಕರೆಯಿಂದ ಬೆಳೆಸಿದರು, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕೊಟ್ಟರು. 2005ರಲ್ಲಿ ಅದರ ಚಿತ್ರ ಅಂಚೆಚೀಟಿಯ ಮೇಲೂ ಬಂತು. ಇದೆಲ್ಲ ನಿಮಗೆ ಗೊತ್ತಿರುವುದೇ. ಇವತ್ತು ನಾನು ಹೇಳಹೊರಟಿರುವುದು ಅದರ ಬಣ್ಣದ ವಿಚಾರ. ಆ ಬಣ್ಣವನ್ನು ಓದಬಲ್ಲ ಸಾಕಣೆದಾರರ ಕಸುಬಿನ ವಿಚಾರ.

ತಂದೆ ಕಪ್ಪು, ತಾಯಿ ಕಪ್ಪು. ಹುಟ್ಟಿದ ಮರಿಗಳಲ್ಲಿ ಒಂದು ಮಾತ್ರ ಬೂದು. ನೋಡಿದವರು ಕೂಡಲೇ ತಾಯಿಯ ಮೇಲೆ ಅನುಮಾನಪಡುತ್ತಾರೆ, ಯಾವುದೋ ಬೀದಿನಾಯಿ ಸೇರಿರಬೇಕು ಎನ್ನುತ್ತಾರೆ. ಪಾಪ, ಅದರ ತಪ್ಪೇನೂ ಇಲ್ಲ. ರಬಕವಿ-ಬನಹಟ್ಟಿಯ ಮಗ್ಗದಲ್ಲಿ ಹಾಸೊಂದು ಹೊಕ್ಕೊಂದು ಸೇರಿ ಸೀರೆಯಾಗುವಂತೆ, ಪ್ರತಿ ಗುಣಕ್ಕೂ ಮರಿ ತಂದೆಯಿಂದ ಒಂದು ಜೀನ್, ತಾಯಿಯಿಂದ ಒಂದು ಜೀನ್ ಪಡೆಯುತ್ತದೆ. ಬೂದು ಬಣ್ಣದ್ದು ದುರ್ಬಲ ಜೀನ್. ಒಂದೇ ಇದ್ದರೆ ಅಡಗಿ ಕೂರುತ್ತದೆ, ನಾಯಿ ಅಚ್ಚ ಕಪ್ಪಾಗಿಯೇ ಕಾಣುತ್ತದೆ. ಎರಡೂ ಕಡೆಯಿಂದ ಬಂದಾಗಲೇ ಬೂದು. ಅಂದರೆ ಆ ಮರಿ ತಂದೆ-ತಾಯಿ ಇಬ್ಬರಲ್ಲೂ ಅಡಗಿದ್ದುದನ್ನು ಬಯಲಿಗೆ ತಂದಿದೆ, ಅಷ್ಟೆ. ಇಂಥ ಜೋಡಿಯ ಪ್ರತಿ ಮರಿಗೂ ಬೂದಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೆಂಡೆಲ್ 1866ರಲ್ಲಿ ಬಟಾಣಿ ಗಿಡಗಳ ಬಗ್ಗೆ ಬರೆದ ಲೆಕ್ಕವೇ ಇದು.

ನನಗೆ ಬಹಳ ಸೋಜಿಗವೆನಿಸುವುದು ಇದು: ಬೂದು ಮರಿಯಲ್ಲಿ ಹೊಸ ಬಣ್ಣವೇ ಇಲ್ಲ. ಇರುವುದು ಅದೇ ಕಪ್ಪು. ಬಣ್ಣದ ಕಣಗಳನ್ನು ಕೂದಲಿಗೆ ಸಾಗಿಸುವ ಕೆಲಸ ಕೆಟ್ಟಿರುವುದರಿಂದ ಅವು ಸಮನಾಗಿ ಹರಡದೆ ಅಲ್ಲಲ್ಲಿ ಗುಂಪುಗಟ್ಟುತ್ತವೆ. ನಮ್ಮ ಕಣ್ಣಿಗೆ ಅದು ಬೂದಿ ಬಣ್ಣ. ಸೂಕ್ಷ್ಮದರ್ಶಕದಡಿ ಒಂದು ಕೂದಲಿಟ್ಟರೆ ಆ ಗುಂಪುಗಳು ಸ್ಪಷ್ಟವಾಗಿ ಕಾಣುತ್ತವೆ.

ಪಳಗಿದ ಸಾಕಣೆದಾರನಿಗೆ ಸೂಕ್ಷ್ಮದರ್ಶಕ ಬೇಕಿಲ್ಲ. ಕೆಲವು ವಾರ ಕಳೆದ ಮೇಲೆ ಮರಿಯನ್ನು ಎತ್ತಿ ಬೆಳಕಿಗೆ ಹಿಡಿದು ಮೂಗು ನೋಡುತ್ತಾನೆ. ಬೂದು ಮರಿಯ ಮೂಗು ಪಾಟಿಕಲ್ಲಿನ ಬಣ್ಣ. ಕಂದು ಮರಿಯದ್ದು ಕಂದು. ಅದಕ್ಕೆ ಬೇರೆಯೇ ಒಂದು ದುರ್ಬಲ ಜೀನ್ ಇದೆ. ಇನ್ನು ಮೈಯೆಲ್ಲ ಕೆನೆ ಬಣ್ಣ, ಮೂಗು ಮಾತ್ರ ಕಪ್ಪು ಎಂದರೆ, ಕಪ್ಪನ್ನು ತಯಾರಿಸುವ ಶಕ್ತಿ ಮರಿಯಲ್ಲಿ ಸರಿಯಾಗಿಯೇ ಇದೆ, ಕೂದಲಿಗೆ ಮಾತ್ರ ಅದು ಬಂದಿಲ್ಲ. ರೆಪ್ಪೆಯ ಅಂಚೂ ಇದೇ ಸುದ್ದಿ ಹೇಳುತ್ತದೆ. ಜೀನ್ ಎಂಬ ಮಾತು ಹುಟ್ಟುವ ಮೊದಲಿನಿಂದಲೂ ನಾಯಿ ಸಾಕಿದವರು ನಂಬಿ ಬಂದಿರುವುದು ಇಂಥ ಕಣ್ಣನ್ನು, ಅಜ್ಜ-ಅಜ್ಜಿಯ ತನಕ ತಳಿ ಹೇಳುವ ನೆನಪನ್ನು.

ಈ ಕಸುಬಿಗೆ ಸಂಯಮವೂ ಬೇಕು. ಅಪರೂಪದ ಬಣ್ಣಕ್ಕೆ ಹಣ ಹೆಚ್ಚು ಸಿಗುತ್ತದೆಂದು ಅಣ್ಣ-ತಂಗಿಯನ್ನೋ ತಂದೆ-ಮಗಳನ್ನೋ ಕೂಡಿಸಿದರೆ ಬೂದು ಮರಿ ಬೇಗ ಸಿಕ್ಕೀತು. ಆದರೆ ಅಡಗಿ ಕೂತ ಜೀನ್‌ಗಳಲ್ಲಿ ರೋಗದವೂ ಇರುತ್ತವೆ, ಅವೂ ಜೋಡಿಯಾಗಿ ಹೊರಬರುತ್ತವೆ. ಕೆಲವು ಬೂದು ನಾಯಿಗಳಿಗೆ ಬಣ್ಣದ ಕಾರಣಕ್ಕೇ ಕೂದಲು ಉದುರಿ ಚರ್ಮ ಕೆಡುವುದುಂಟು. ಅದಕ್ಕೇ ನನ್ನ ಮೆಚ್ಚುಗೆ ಏನಿದ್ದರೂ, ಬೂದು ಹೆಣ್ಣಿಗೆ ರಕ್ತಸಂಬಂಧವಿಲ್ಲದ, ಒಳ್ಳೆಯ ಎದೆ ಮತ್ತು ಗಟ್ಟಿ ಕಾಲಿನ ಕಪ್ಪು ಗಂಡನ್ನು ಹುಡುಕಿ ಕೂಡಿಸುವವನಿಗೆ. ಆ ಗಂಡಿನಲ್ಲಿ ಬೂದು ಜೀನ್ ಇಲ್ಲದಿದ್ದರೆ ಆ ಸಲ ಒಂದು ಮರಿಯೂ ಬೂದಾಗದು. ಎಲ್ಲವೂ ಜೀನನ್ನು ಒಳಗಿಟ್ಟುಕೊಂಡ ಮಾಮೂಲಿ ಬಣ್ಣದ ಮರಿಗಳೇ. ಅವನು ಅದನ್ನು ತಿಳಿದೇ ಮಾಡುತ್ತಾನೆ, ಇನ್ನೊಂದು ತಲೆಮಾರು ಕಾಯುತ್ತಾನೆ.

ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಜಮಖಂಡಿ, ಬೀಳಗಿ ಕಡೆಯವರು ಮರಿ ತರುವುದಿದ್ದರೆ ಮೊದಲು ಅಲ್ಲಿಗೊಮ್ಮೆ ಹೋಗಿ ವಿಚಾರಿಸಿ. ಎಲ್ಲಿಯೇ ಕೊಂಡರೂ ತಾಯಿಯನ್ನು ಕಣ್ಣಾರೆ ನೋಡಿ, ತಂದೆ ಯಾವುದೆಂದು ಕೇಳಿ, ಮರಿಯ ನಡಿಗೆ ನೋಡಿ. ಬಣ್ಣದ ಮಾತು ಆಮೇಲೆ ಎತ್ತಿ.