ಹಳೆಯ ಕೋವಿ ಕೊಳ್ಳುವ ಮುನ್ನ

ಎತ್ತು ಕೊಳ್ಳುವಾಗ ನಮ್ಮವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾರೆ. ಕೋವಿಯ ಮಾತು ಬಂದರೆ ಮಾತ್ರ ಮರದ ಹೊಳಪಿಗೂ ಉಕ್ಕಿನ ಮೇಲಿನ ಕೆತ್ತನೆಗೂ ಮರುಳಾಗಿ ಹಣ ಎಣಿಸಿಬಿಡುವವರೇ ಹೆಚ್ಚು. ಎತ್ತು ಕೆಟ್ಟದ್ದಾದರೆ ಉಳುಮೆ ನಿಂತೀತು, ಅಷ್ಟೆ. ಕೋವಿ ಕೆಟ್ಟದ್ದಾದರೆ ನಳಿಗೆಯನ್ನು ಹಿಡಿದ ಎಡಗೈಗೇ ಕುತ್ತು. ಆದುದರಿಂದ ಈ ವಿಷಯವನ್ನು ನಿಮ್ಮೊಡನೆ ಸ್ವಲ್ಪ ನಿಧಾನವಾಗಿಯೇ ಮಾತನಾಡಬೇಕಾಗಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಬೇಟೆ ನಿಂತಿತು. ಮನೆಯ ಜೋಡುನಳಿಗೆಯ ಕೋವಿಗಳು ಬೀರುವಿನಲ್ಲಿ ಮಲಗಿದವು. ಅವಕ್ಕೆ ಈಗ ಉಳಿದಿರುವ ಒಳ್ಳೆಯ ಕೆಲಸವೆಂದರೆ ಹಾರುವ ಬಿಲ್ಲೆಗೆ ಗುರಿಯಿಡುವ ಆಟ. ಇಂಗ್ಲಿಷಿನಲ್ಲಿ ಇದಕ್ಕೆ 'ಕ್ಲೇ' ಎಂಬ ಹೆಸರಿದ್ದರೂ ಬಿಲ್ಲೆ ಜೇಡಿಮಣ್ಣಿನದಲ್ಲ. ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೌಸ್ಕಿ 1880ರಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗೆ ಹಕ್ಕುಪತ್ರ ಪಡೆದನು. ಅದು ಛರೆ ತಗಲಿದರೂ ಸುಲಭವಾಗಿ ಒಡೆಯದು. ಈಗಿನದು ಸುಣ್ಣಕಲ್ಲಿನ ಪುಡಿಯನ್ನು ಡಾಂಬರಿನಂಥ ಅಂಟಿನಲ್ಲಿ ಕಲಸಿ ಅಚ್ಚು ಹಾಕಿದ್ದು, 110 ಮಿಲಿಮೀಟರ್ ಅಗಲದ್ದು. ಬಿಕಾನೇರಿನ ಮಹಾರಾಜ ಕರ್ಣಿ ಸಿಂಗ್ ಈ ಆಟದಲ್ಲಿ ಐದು ಒಲಿಂಪಿಕ್ಸ್‌ಗಳಿಗೆ ಹೋದರು. 2004ರಲ್ಲಿ ಅಥೆನ್ಸಿನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡರು ಬೆಳ್ಳಿಯ ಪದಕ ತಂದಮೇಲೆ ಹುಡುಗರಿಗೆ ಇದರ ಆಸೆ ಹೆಚ್ಚಿತು.

ಆಸೆ ಹುಟ್ಟಿದಾಗ ಅಜ್ಜನ ಕೋವಿ ನೆನಪಾಗುವುದು ಸಹಜ. ಇಲ್ಲವಾದರೆ ಯಾರದೋ ಅಜ್ಜನ ಕೋವಿ ಮಾರಾಟಕ್ಕೆ ಬರುತ್ತದೆ. ಇಲ್ಲೊಂದು ಲೆಕ್ಕ ನೋಡಿ. ಅಜ್ಜನವರು ವರ್ಷವೆಲ್ಲ ಸೇರಿ ಐವತ್ತು ತೋಟಾ ಹಾರಿಸಿದ್ದರೆ ಹೆಚ್ಚು. ಬಿಲ್ಲೆಯ ಆಟದಲ್ಲಿ ಒಂದು ಸುತ್ತಿಗೆ 25 ಬಿಲ್ಲೆ; ನಾಲ್ಕು ಸುತ್ತು ಆಡಿದ ಹುಡುಗ ಅಜ್ಜನ ಎರಡು ವರ್ಷದ ಮದ್ದನ್ನು ಒಂದೇ ದಿನದಲ್ಲಿ ಸುಟ್ಟಿರುತ್ತಾನೆ. ಬೇಟೆಗೆ ಸಾಕಾಗಿದ್ದ ಕೋವಿ ಇದಕ್ಕೂ ಸಾಕೆಂದು ಹೇಳಲಾಗದು.

ಮೊದಲು ಕಾಗದಪತ್ರ. 1959ರ ಆಯುಧ ಕಾಯಿದೆಯಂತೆ ಕೊಳ್ಳುವವರಲ್ಲಿ ಪರವಾನಗಿ ಇರಬೇಕು. ಪರವಾನಗಿಯಲ್ಲಿರುವ ಸಂಖ್ಯೆಯೂ ಕೋವಿಯ ಮೇಲೆ ಕೊರೆದ ಸಂಖ್ಯೆಯೂ ಒಂದೇ ಆಗಿರಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬೇರೆಯ ಮಾತು.

ಇನ್ನು ಕೋವಿ. ಮಾರುವವರು "ಖಾಲಿ ಇದೆ ಸ್ವಾಮಿ" ಎಂದರೂ, ಅವರ ಎದುರಿಗೇ ಮುರಿದು ತೆರೆದು ಎರಡೂ ನಳಿಗೆಗಳನ್ನು ಕಣ್ಣಾರೆ ನೋಡಿ. ಇದರಲ್ಲಿ ಸಂಕೋಚವೇನೂ ಬೇಡ. ಬಳಿಕ ನಳಿಗೆಯ ಕೆಳಗಿನ ಮುಂಗೈ ಮರವನ್ನು ಬಿಚ್ಚಿ, ಕೋವಿಯನ್ನು ಮುಚ್ಚಿ, ಹಿಂಬದಿಯ ಮರವನ್ನು ಹಿಡಿದು ಮೆಲ್ಲನೆ ಅಲುಗಾಡಿಸಿ. ಕಟಕಟ ಸದ್ದು ಬಂದರೆ ಕೀಲು ಸವೆದಿದೆ. ದೀಪದ ಕಡೆಗೆ ಹಿಡಿದಾಗ ನಳಿಗೆಯ ಬುಡಕ್ಕೂ ಅದು ಒರಗುವ ಉಕ್ಕಿನ ಗೋಡೆಗೂ ನಡುವೆ ಬೆಳಕಿನ ಗೆರೆ ಕಂಡರೂ ಅರ್ಥ ಅದೇ. ಕೆಲವರು ಸುತ್ತಿಗೆಯ ಏಟು ಕೊಟ್ಟು ಕೀಲನ್ನು ಬಿಗಿಮಾಡಿ ಮಾರುವುದುಂಟು. ಆ ಬಿಗಿ ಹೆಚ್ಚು ಕಾಲ ನಿಲ್ಲದು. ಕೊಕ್ಕೆಯ ಹತ್ತಿರ ಹೊಸದಾಗಿ ಹೊಳೆಯುವ ತಗ್ಗುಗಳಿವೆಯೇ ನೋಡಿ.

ನಳಿಗೆಯನ್ನು ಬೇರ್ಪಡಿಸಿ, ಕೊಕ್ಕೆಯನ್ನು ಬೆರಳಿಗೆ ತಗಲಿಸಿ ತೂಗಾಡಲು ಬಿಟ್ಟು, ಗೆಣ್ಣಿನಿಂದ ತಟ್ಟಿ. ಒಳ್ಳೆಯದಾದರೆ ಗಂಟೆಯಂತೆ ನಾದ ಬರುತ್ತದೆ. ಒಡಕು ದನಿ ಬಂದರೆ ಎರಡು ನಳಿಗೆಗಳನ್ನು ಕೂಡಿಸಿದ ಪಟ್ಟಿಯ ಬೆಸುಗೆ ಬಿಟ್ಟಿರಬಹುದು. ಕಂಚಿನ ಪಾತ್ರೆ ಕೊಳ್ಳುವ ಹೆಂಗಸರಿಗೆ ಈ ಪರೀಕ್ಷೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ!

ಈಗ ನಳಿಗೆಯ ಒಳಗೆ ನೋಡಿ. ಬಿಳಿಯ ಗೋಡೆಯ ಕಡೆಗೆ ಹಿಡಿದು ತಿರುಗಿಸಿದರೆ ನೆರಳು ಉಂಗುರ ಉಂಗುರವಾಗಿ ಕಾಣುತ್ತದೆ. ಉಂಗುರ ಒಂದು ಬದಿಯಲ್ಲಿ ಮುರಿದಿದ್ದರೆ ಅಲ್ಲಿ ನಗ್ಗಿದೆ; ನಗ್ಗನ್ನು ತಿಳಿದವರು ಎತ್ತಿ ಸರಿಮಾಡಬಲ್ಲರು. ಸುತ್ತಲೂ ಒಂದು ಕಪ್ಪು ಬಳೆ ಕಂಡರೆ ಉಕ್ಕು ಅಲ್ಲಿ ಉಬ್ಬಿದೆ. ಅಂಥದನ್ನು ಅಲ್ಲೇ ಬಿಟ್ಟು ಬನ್ನಿ. ಸಿಡುಬಿನ ಕಲೆಯಂತೆ ಚುಕ್ಕೆಗಳಿದ್ದರೆ ಅದು ತುಕ್ಕು ತಿಂದ ಗುರುತು. ಆದರೆ ಕನ್ನಡಿಯಂತೆ ಹೊಳೆಯುವ ನಳಿಗೆ ಕಂಡಾಕ್ಷಣ ಸಂತೋಷಪಡಬೇಡಿ. ಚುಕ್ಕೆಗಳನ್ನು ಅಳಿಸಲು ಒಳಗಿನಿಂದ ಉಕ್ಕನ್ನು ಕೆರೆದು ಹೊಳಪು ಕೊಟ್ಟಿರಬಹುದು. ಹೊಳಪು ಬಂದಷ್ಟೂ ಗೋಡೆ ತೆಳುವಾಗಿದೆ. ತೆಳುವಾದ ಗೋಡೆಯನ್ನು ಕಣ್ಣು ಕಾಣಲಾರದು, ಅಳತೆಯ ಉಪಕರಣವೇ ಬೇಕು. ಇಂಗ್ಲೆಂಡಿನ ಕುಶಲಿಗಳು ಅಂಗುಲದ ಸಾವಿರದ 20 ಭಾಗಕ್ಕಿಂತ ತೆಳುವಾದುದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಈ ಒಂದು ಅಳತೆಗಾಗಿ ಕೋವಿ ದುರಸ್ತಿ ಮಾಡುವವರಿಗೆ ಕೊಡುವ ಹಣ ಎಂದೂ ದಂಡವಲ್ಲ.

ನಳಿಗೆಯ ಮೇಲೆ ಸುರುಳಿ ಸುರುಳಿಯಾದ ಚಿತ್ತಾರ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೆಣೆದು ಸುತ್ತಿ ಬೆಸೆದದ್ದು. ನೋಡಲು ಬಲು ಚೆಲುವು. ಇಂಥವುಗಳಲ್ಲಿ ಬಹುಪಾಲು ಹೊಗೆಯುಗುಳುವ ಹಳೆಯ ಕಪ್ಪು ಮದ್ದಿನ ಕಾಲಕ್ಕೆ ಮಾಡಿದವು. ಲಂಡನ್, ಬರ್ಮಿಂಗ್‌ಹ್ಯಾಮ್ ಪರೀಕ್ಷಾಗೃಹಗಳು ಹೆಚ್ಚಿನ ಮದ್ದು ತುಂಬಿ ಹಾರಿಸಿ ನೋಡಿ, ತಾಳಿದ ನಳಿಗೆಗೆ ಮುದ್ರೆ ಒತ್ತುತ್ತಿದ್ದವು, ಇಂದಿಗೂ ಒತ್ತುತ್ತವೆ. ಹೊಗೆಯಿಲ್ಲದ ಮದ್ದಿಗೆ ತಾಳುತ್ತದೆಂಬ ನೈಟ್ರೋ ಮುದ್ರೆ ಇಲ್ಲದ ಕೋವಿಗೆ ಈಗಿನ ತೋಟಾ ಹಾಕಲೇಬಾರದು. ಅದು ಗೋಡೆಗೆ ಭೂಷಣ.

ಇನ್ನೊಂದು ಮೋಸ ತೋಟಾದ ಉದ್ದದಲ್ಲಿದೆ. ಹಳೆಯ 12 ಬೋರಿನ ಕೋವಿಗಳಲ್ಲಿ ತೋಟಾ ಕೂರುವ ಕೋಣೆ ಅನೇಕ ವೇಳೆ ಎರಡೂವರೆ ಅಂಗುಲ, ಅಂದರೆ 65 ಮಿಲಿಮೀಟರ್. ಈಗ ಸಿಕ್ಕುವ ತೋಟಾಗಳಲ್ಲಿ ಹೆಚ್ಚಿನವು 70 ಮಿಲಿಮೀಟರಿನವು. ಹಾಗಾದರೆ ಒಳಗೆ ಹೋಗುವುದೇ ಇಲ್ಲವಲ್ಲ, ಎಂದು ನೀವು ಕೇಳಬಹುದು. ಸಲೀಸಾಗಿ ಹೋಗುತ್ತದೆ! 70 ಎಂಬುದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದ. ಹಾರುವ ಮುನ್ನ ಅದರ ಬಾಯಿ ಮಡಿಚಿಕೊಂಡು ಗಿಡ್ಡವಾಗಿರುತ್ತದೆ. ಬಿಚ್ಚಿಕೊಳ್ಳಲು ಎಡೆ ಸಾಲದಾದಾಗ ಒಳಗಿನ ಒತ್ತಡ ಏರುತ್ತದೆ. ಆದ್ದರಿಂದ 'ತೋಟಾ ಹಿಡಿಸಿತು' ಎಂಬುದು ಸಾಕ್ಷಿಯೇ ಅಲ್ಲ, ಕೋಣೆಯನ್ನು ಅಳೆಯಿಸಬೇಕು.

ಮನೆಯಲ್ಲಿ 12 ಮತ್ತು 20 ಬೋರಿನ ಎರಡು ಕೋವಿಗಳಿದ್ದರೆ ಅವುಗಳ ತೋಟಾಗಳನ್ನು ಒಂದೇ ಚೀಲಕ್ಕೆ ಹಾಕಬೇಡಿ. 20ರ ತೋಟಾ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ; ಹಿಂದಿನಿಂದ ನೋಡಿದರೆ ಕೋಣೆ ಖಾಲಿ. ಅದರ ಹಿಂದೆ 12ರದನ್ನು ಹಾಕಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಹಾಗೆಯೇ, ಎಂದಾದರೂ ಸದ್ದು ಸಪ್ಪೆಯಾಗಿ ಕೇಳಿಸಿದರೆ ಮುಂದಿನ ತೋಟಾ ಹಾಕುವ ಮೊದಲು ನಳಿಗೆಯಲ್ಲಿ ಬೆಳಕು ಹರಿಯುತ್ತದೆಯೇ ಎಂದು ನೋಡಿ.

ಟ್ರಿಗರ್ ತೀರ ಸಡಿಲವಾಗಿದ್ದರೆ, ಹಿಡಿಯ ಕುತ್ತಿಗೆಯಲ್ಲಿ ಬಿರುಕಿದ್ದರೆ, ಬೆಲೆ ಇಳಿಸಿ ಕೇಳಬಹುದು. ಇವು ರಿಪೇರಿಯಾಗುವ ದೋಷಗಳು.

ಕೊಂಡಮೇಲೆ ಆರೈಕೆ ದೊಡ್ಡದೇನಲ್ಲ, ತಪ್ಪಬಾರದು ಅಷ್ಟೆ. ಹಾರಿಸಿದ ದಿನ ಸಂಜೆಯೇ ಬುಡದ ಕಡೆಯಿಂದ ಕಂಚಿನ ಕುಂಚ ಹಾಕಿ, ಬಟ್ಟೆಯಲ್ಲಿ ಒರೆಸಿ, ಎಣ್ಣೆಯನ್ನು ಪಸೆಯಷ್ಟೇ ಸವರಿ. ಕೀಲಿಗೆ ಚೂರು ಗ್ರೀಸು. ಎಣ್ಣೆ ಸುರಿಯುವ ಭಕ್ತಿ ಬೇಡ. ಹೆಚ್ಚಾದುದು ಹಿಂದಕ್ಕೆ ಇಳಿದು ಮರದೊಳಗೆ ಸೇರಿ, ಮರ ಕರಿದಾಗಿ ಮೆತ್ತಗಾಗುತ್ತದೆ. ಒಂದು ರಾತ್ರಿ ನಳಿಗೆಯ ಬಾಯಿ ಕೆಳಗಾಗಿ ನಿಲ್ಲಿಸುವ ಪದ್ಧತಿ ಇದಕ್ಕಾಗಿಯೇ ಬಂದದ್ದು. ಕೊಡಗಿನಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಶುಚಿಮಾಡಿ, ತೋಕ್ ಪೂ ಮುಡಿಸಿ ಪೂಜೆಗಿಟ್ಟು, ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯುತ್ತಾರೆ. ಮಳೆಗಾಲದ ಕೊನೆಗೆ ಬರುವ ಈ ಹಬ್ಬ ತುಕ್ಕು ಹುಡುಕಲು ತಕ್ಕ ಸಮಯ. ಮಳೆ ತಿಂಗಳುಗಳಲ್ಲಿ ಕೋವಿಯನ್ನು ಚರ್ಮದ ಪೆಟ್ಟಿಗೆಯಲ್ಲಿಡಬೇಡಿ. ಚರ್ಮ ತೇವ ಹೀರಿ ಉಕ್ಕಿಗೆ ಕೊಡುತ್ತದೆ. ಗಾಳಿಯಾಡುವ ಬೀರುವಿನಲ್ಲಿ ಬೀಗ ಹಾಕಿಡಿ. ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ, ಎರಡರ ಕೀಲಿಕೈಯೂ ದೊಡ್ಡವರ ಬಳಿ.